ಸಂದರ್ಶನಕ್ಕೆ ಯಾವ ಅಂಗಿ?

ಬಿ.ಕಾಂ. ಮುಗಿಸಿದ ಮೇಲೆ ಬ್ಯಾಂಕಿನ ಸಂದರ್ಶನಕ್ಕೆ ಕರೆ ಬಂತು. ಅಣ್ಣನ ಟೆರಿಕಾಟ್ ಅಂಗಿ ಕೇಳಿ ಪಡೆದೆ. ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಇರಲಿಲ್ಲ. ತಂಬಿಗೆಯಲ್ಲಿ ಕೆಂಡ ತುಂಬಿ ಉಜ್ಜಿದೆ. ಹತ್ತಿ ಬಟ್ಟೆ ತಡೆಯುವ ಆ ಕಾವನ್ನು ಟೆರಿಕಾಟ್ ತಡೆಯಲಿಲ್ಲ. ಕಾಲರು ಮುದುಡಿ ಹೋಯಿತು!

ಅವ್ವ ನೋಡಿ, "ನಿನ್ನ ಹತ್ತಿ ಅಂಗೀನ ಹಾಕ್ಕೊಂಡು ಹೋಗಪ್ಪಾ. ಹಳೇದಾದರೇನು, ಸ್ವಚ್ಛ ಐತಲ್ಲ" ಅಂದಳು. ಗಂಜಿ ಹಾಕಿ, ಅದೇ ತಂಬಿಗೆಯಿಂದ ಇಸ್ತ್ರಿ ಮಾಡಿಕೊಂಡು ಹೋದೆ. ಕೆಲಸ ಸಿಕ್ಕಿತು. ಅಂಗಿಯಿಂದಲೇ ಸಿಕ್ಕಿತು ಎನ್ನಲಾರೆ. ಆದರೆ ಮೈಗೆ ಸರಿಹೊಂದಿದ ಅಂಗಿ, ಅದರ ಚಿಂತೆಯಿಲ್ಲದೆ ಕೇಳಿದ ಪ್ರಶ್ನೆಗೆ ಉತ್ತರ ಹೇಳಿದೆ.

ಈಗ ಸಂದರ್ಶನಕ್ಕೆ ಹೊರಟಿರುವ ಜಮಖಂಡಿ, ಮುಧೋಳದ ಹುಡುಗ ಹುಡುಗಿಯರೇ, ಹೊಸ ಬಟ್ಟೆಯನ್ನು ಅಂದೇ ತೊಡಬೇಡಿ. ಹಿಂದಿನ ದಿನ ತೊಟ್ಟು, ಕುಳಿತು, ಕೈ ಎತ್ತಿ ನೋಡಿ. ಹೊಸ ಬೂಟು ಕಾಲು ಕಚ್ಚಿದರೆ ನಗು ಎಲ್ಲಿಂದ ಬಂದೀತು? ಬೀಳಗಿಯಿಂದ ಬಾಗಲಕೋಟೆಗೆ ಬಿಸಿಲಲ್ಲಿ ಬಸ್ಸಿಗೆ ಹೋಗುವವರು ಇಸ್ತ್ರಿ ಅಂಗಿಯನ್ನು ಚೀಲದಲ್ಲಿಟ್ಟುಕೊಳ್ಳಿ. ಇಳಿದ ಮೇಲೆ ಮುಖ ತೊಳೆದು ತೊಡಿ. ಸೀರೆ ಉಡುವವರಿಗೆ ರಬಕವಿ-ಬನಹಟ್ಟಿಯ ಹತ್ತಿ ಸೀರೆ ಇದೆಯಲ್ಲ! ಉಗುರು ಮಾತ್ರ ಮರೆಯಬೇಡಿ. ಕಾಗದ ಚಾಚಿದಾಗ ಮೊದಲು ಕಾಣುವುದು ಅದೇ.

ಉಡುಪು ನೋಡಿ ಅಳೆಯುವುದರಲ್ಲಿ ನಾನೂ ಒಮ್ಮೆ ಎಡವಿದ್ದೇನೆ. ಕೌಂಟರಿನೆದುರು, ಮೈಮೇಲೆಲ್ಲ ನೂಲಿನ ಎಳೆ ಅಂಟಿದ್ದ ಹಿರಿಯರೊಬ್ಬರನ್ನು ಬಹಳ ಹೊತ್ತು ನಿಲ್ಲಿಸಿದ್ದೆ. ಪಾಸ್‌ಬುಕ್ ತೆರೆದರೆ ಅವರು ನಮ್ಮ ಶಾಖೆಯ ದೊಡ್ಡ ಠೇವಣಿದಾರರು. ನನಗೆ ನಾಚಿಕೆಯಾಯಿತು. ಅವರು ಸಿಟ್ಟಾಗಲಿಲ್ಲ.

"ಲಗೂನ ಮಾಡ್ರಿ ಸಾಹೇಬ್ರ, ಮಗ್ಗ ನಿಲ್ಲಿಸಿ ಬಂದೀನಿ" ಅಂದರು, ಅಷ್ಟೇ.