ಮನೆಯಲ್ಲಿಟ್ಟುಕೊಳ್ಳುವುದು ಕೂಡಿಹಾಕುವುದಲ್ಲ

ಮಾನಸಿಕ ಕಾಯಿಲೆಯವರನ್ನು ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಅದರ ಬಲವನ್ನು ವೈದ್ಯರೂ ಕಂಡುಕೊಂಡರು. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯೊಡನೆ ಮನೆಯವರನ್ನೂ ಉಳಿಸಿಕೊಂಡರು. 1970ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ ಕೇಂದ್ರ ತೆರೆದು ಚಿಕಿತ್ಸೆಯನ್ನು ಹಳ್ಳಿಗಳಿಗೆ ಒಯ್ದಿತು.

ಅದೇ ದಿಕ್ಕಿನಲ್ಲಿರುವ ಬೇಗೂರು ಆಗ ಹಳ್ಳಿ. ಇಂದು ಬಾಡಿಗೆ ಮನೆಗಳ ಊರು. ಕೂಡುಕುಟುಂಬ ಹಂಚಿಕೊಳ್ಳುತ್ತಿದ್ದ ಹೊರೆ ಇಂಥ ಕಡೆ ಒಬ್ಬರದೇ, ಬಹುಮಟ್ಟಿಗೆ ತಾಯಿಯದೋ ಹೆಂಡತಿಯದೋ ಆಗುತ್ತದೆ. ದುಡಿಯಲು ಹೊರಟವರು ಹೊರಗಿನಿಂದ ಬೀಗ ಹಾಕುವ ಯೋಚನೆ ಮಾಡುವುದು ಇಂಥ ಅಸಹಾಯಕತೆಯಲ್ಲೇ.

ಕಟ್ಟಿಹಾಕುವುದರ ಘೋರ ಫಲವನ್ನು ದೇಶ 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಕಂಡಿತು. ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ರೋಗಿಗಳು ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸರಪಳಿಯನ್ನು ಯಾವ ರೂಪದಲ್ಲೂ ಒಪ್ಪುವುದಿಲ್ಲ. ಮನೆಯಲ್ಲಿ ರೋಗಿಗೆ ಹಿಂಸೆಯಾಗುತ್ತಿದೆ, ಅಲಕ್ಷ್ಯವಾಗುತ್ತಿದೆ ಎಂದು ತಿಳಿದರೆ ಪೊಲೀಸರು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಲೇಬೇಕು.

ಹಾಗಾದರೆ ಆರೈಕೆದಾರರ ಹೊಣೆ ಏನು? ಮಾತ್ರೆ ತಪ್ಪದಂತೆ ನೋಡುವುದು. ಗುಣ ಕಂಡಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸದಿರುವುದು. ನಿದ್ದೆಗೆಡುವಂಥ ಮರುಕಳಿಕೆಯ ಸೂಚನೆಗಳನ್ನು ಗುರುತಿಸುವುದು. ಕೈಲಾದ ಕೆಲಸ ಕೊಟ್ಟು ಮನೆಯ ಮಾತುಕತೆಯಲ್ಲಿ ಸೇರಿಸಿಕೊಳ್ಳುವುದು. ಎಲ್ಲಕ್ಕೂ ಮಿಗಿಲಾಗಿ ರೋಗಿಯ ಇಷ್ಟವನ್ನು ಕೇಳುವುದು. ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡಲು, ನಂಬಿದವರನ್ನು ಪ್ರತಿನಿಧಿಯಾಗಿ ನೇಮಿಸಲು ಕಾಯಿದೆ ಆತನಿಗೆ ಹಕ್ಕು ಕೊಟ್ಟಿದೆ.

ನೋಡಿಕೊಳ್ಳುವವರೂ ದಣಿಯುತ್ತಾರೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳು ಯಾರೂ ಕರೆ ಮಾಡಬಹುದು. ನೆರವು ಕೇಳುವುದೂ ಆರೈಕೆಯ ಭಾಗವೇ. ಬಾಗಿಲಿಗೆ ಬೀಗ ಬೀಳದಂತೆ ತಡೆಯುವುದು ಅದೇ.