ರೂಟ್ ಕೆನಾಲ್ ಚಿಕಿತ್ಸೆ: ಕುರ್ಚಿಯಲ್ಲಿ ಕೂರುವ ಮುನ್ನ ತಿಳಿದಿರಲಿ

"ಹಲ್ಲುನೋವು ತಡೆಯಲಾಗುತ್ತಿಲ್ಲ, ಸ್ವಲ್ಪ ಸ್ಟ್ರಾಂಗ್ ಮಾತ್ರೆ ಕೊಡಿ." ಚೆನ್ನೈನ ಔಷಧದಂಗಡಿಯ ಕೌಂಟರಿನಲ್ಲಿ ನಿಂತವರಿಗೆ ಈ ಮಾತು ಹೊಸದಲ್ಲ. ಕೇಳುವ ಭಾಷೆ ತಮಿಳಿರಲಿ, ಕನ್ನಡವಿರಲಿ, ಕೆನ್ನೆಗೆ ಕೈ ಒತ್ತಿ ನಿಂತ ಭಂಗಿ ಒಂದೇ. "ಡೆಂಟಿಸ್ಟ್ ಹತ್ತಿರ ಹೋಗಿದ್ದಿರಾ?" ಎಂದು ಕೇಳಿದರೆ ಬರುವ ಉತ್ತರವೂ ಬಹುತೇಕ ಒಂದೇ: "ರೂಟ್ ಕೆನಾಲ್ ಅಂದರು. ಭಯವಾಗಿ ವಾಪಸ್ ಬಂದೆ."

ಈ ಭಯದಿಂದ ಎಷ್ಟೋ ಜನ ಉಳಿಸಬಹುದಾಗಿದ್ದ ಹಲ್ಲನ್ನು ಕಳೆದುಕೊಳ್ಳುತ್ತಾರೆ. ಚಿಕಿತ್ಸೆಯಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂದು ನೋಡೋಣ.

ರೂಟ್ ಕೆನಾಲ್ ಎಂದರೇನು?

ಹಲ್ಲಿನ ಗಟ್ಟಿ ಹೊರಪದರದ ಒಳಗೆ ನರ ಮತ್ತು ರಕ್ತನಾಳಗಳಿರುವ ಮೃದುವಾದ ತಿರುಳು ಇರುತ್ತದೆ. ಅದು ಬೇರಿನ ತುದಿಯವರೆಗೆ ಸಣ್ಣ ನಾಳಗಳಲ್ಲಿ ಇಳಿದಿರುತ್ತದೆ. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದು ನಾಳ, ದವಡೆ ಹಲ್ಲಿಗೆ ಮೂರು ಅಥವಾ ನಾಲ್ಕು. ಹುಳುಕು ಆಳಕ್ಕಿಳಿದಾಗ, ಹಲ್ಲು ಬಿರುಕು ಬಿಟ್ಟಾಗ ಅಥವಾ ಪೆಟ್ಟು ಬಿದ್ದಾಗ ಈ ತಿರುಳಿಗೆ ಸೋಂಕು ತಗಲುತ್ತದೆ. ಸೋಂಕಿತ ತಿರುಳನ್ನು ತೆಗೆದು, ನಾಳಗಳನ್ನು ಶುಚಿಗೊಳಿಸಿ ಮುಚ್ಚುವುದೇ ರೂಟ್ ಕೆನಾಲ್ ಚಿಕಿತ್ಸೆ. ಚೀಟಿಯಲ್ಲಿ ಇದನ್ನು 'ಆರ್‌ಸಿಟಿ' ಎಂದು ಬರೆಯುತ್ತಾರೆ. ಚೆನ್ನೈನ ಕ್ಲಿನಿಕ್ ಬೋರ್ಡುಗಳಲ್ಲಿ ಕಾಣುವ 'ವೇರ್ ಸಿಕಿಚ್ಚೈ' ಎಂಬುದೂ ಇದೇ.

ಯಾವ ಲಕ್ಷಣಗಳಿದ್ದರೆ ತಡ ಮಾಡಬಾರದು?

- ಬಿಸಿ ಅಥವಾ ತಣ್ಣನೆಯದು ತಾಗಿದ ಮೇಲೆ ಜುಮ್ಮೆನ್ನುವ ನೋವು ಬಹಳ ಹೊತ್ತು ಉಳಿಯುವುದು
- ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು
- ಅಗಿಯುವಾಗ ಒಂದೇ ಹಲ್ಲು ನೋಯುವುದು
- ವಸಡಿನ ಮೇಲೆ ಕೀವಿನ ಗುಳ್ಳೆ, ಅಥವಾ ಹಲ್ಲಿನ ಬಣ್ಣ ಕಪ್ಪಾಗುವುದು

ಇನ್ನೊಂದು ಮಾತು ನೆನಪಿರಲಿ. ವಾರಗಟ್ಟಲೆ ಕಾಡಿದ ನೋವು ಒಮ್ಮೆಲೇ ನಿಂತರೆ ಹಲ್ಲು ಗುಣವಾಯಿತೆಂದು ಭಾವಿಸಬೇಡಿ. ಒಳಗಿನ ನರ ಸತ್ತಾಗಲೂ ನೋವು ನಿಲ್ಲುತ್ತದೆ. ಸೋಂಕು ಮಾತ್ರ ಸದ್ದಿಲ್ಲದೆ ಬೇರಿನ ತುದಿಯಿಂದ ದವಡೆ ಮೂಳೆಗೆ ಇಳಿಯುತ್ತಿರಬಹುದು.

ಚಿಕಿತ್ಸೆಯ ದಿನ ಏನೇನು ನಡೆಯುತ್ತದೆ?

ಮೊದಲು ಎಕ್ಸ್‌ರೇ ತೆಗೆದು ಬೇರುಗಳ ಆಕಾರ ಮತ್ತು ಸೋಂಕಿನ ವ್ಯಾಪ್ತಿ ನೋಡುತ್ತಾರೆ. ನಂತರ ಮರಗಟ್ಟಿಸುವ ಚುಚ್ಚುಮದ್ದು. ಇದು ಇರುವೆ ಕಚ್ಚಿದಂತೆ ಅನ್ನಿಸಬಹುದು, ಕೆಲವು ನಿಮಿಷಗಳಲ್ಲಿ ತುಟಿ, ಕೆನ್ನೆ ದಪ್ಪವಾದಂತೆ ಭಾಸವಾಗುತ್ತದೆ. ಎಂಜಲು ಒಳಗೆ ಹೋಗದಂತೆ, ಉಪಕರಣ ಗಂಟಲಿಗೆ ಜಾರದಂತೆ ಹಲ್ಲಿನ ಸುತ್ತ ತೆಳುವಾದ ರಬ್ಬರ್ ಹಾಳೆ ಕಟ್ಟುತ್ತಾರೆ.

ಆಮೇಲೆ ಹಲ್ಲಿನ ಮೇಲ್ಭಾಗದಲ್ಲಿ ಸಣ್ಣ ರಂಧ್ರ ಮಾಡಿ, ಸೂಜಿಯಂತಹ ಫೈಲ್‌ಗಳಿಂದ ತಿರುಳನ್ನು ತೆಗೆಯುತ್ತಾರೆ. ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ನಾಳಗಳನ್ನು ಮತ್ತೆ ಮತ್ತೆ ತೊಳೆಯುತ್ತಾರೆ. ಕ್ಲೋರಿನ್ ವಾಸನೆ ಬಂದರೆ ಗಾಬರಿ ಬೇಡ. ಬಾಯಲ್ಲಿ ಉರಿ ಅನ್ನಿಸಿದರೆ ಮಾತ್ರ ತಕ್ಷಣ ಕೈ ಎತ್ತಿ. ಕೊನೆಗೆ ನಾಳಗಳನ್ನು ಒಣಗಿಸಿ, ಗಟ್ಟಾಪರ್ಚ ಎಂಬ ರಬ್ಬರಿನಂತಹ ವಸ್ತು ತುಂಬಿ ಮುಚ್ಚುತ್ತಾರೆ. ಇದು ಮರದ ಹಾಲಿನಿಂದ ಬರುವ ವಸ್ತು.

ಒಂದೇ ಭೇಟಿಯಲ್ಲಿ ಮುಗಿಯಬಹುದು. ಸೋಂಕು ಹೆಚ್ಚಿದ್ದರೆ ನಾಳದೊಳಗೆ ಔಷಧವಿಟ್ಟು ತಾತ್ಕಾಲಿಕ ಫಿಲ್ಲಿಂಗ್ ಹಾಕಿ, ಎರಡು ಮೂರು ಬಾರಿ ಕರೆಯಬಹುದು.

ನೋವಾಗುತ್ತದೆಯೇ?

ಚುಚ್ಚುಮದ್ದು ಸರಿಯಾಗಿ ಹಿಡಿದರೆ ಒತ್ತುವ, ಅಲುಗಾಡಿಸುವ ಅನುಭವವಷ್ಟೇ ಇರುತ್ತದೆ. ಸೋಂಕು ಬಲವಾಗಿದ್ದಾಗ, ಅದರಲ್ಲೂ ಕೆಳ ದವಡೆ ಹಲ್ಲಿಗೆ, ಮೊದಲ ಚುಚ್ಚುಮದ್ದು ಸಾಲದಿರಬಹುದು. ಹಲ್ಲು ಕಚ್ಚಿ ಸಹಿಸಬೇಡಿ, ಹೇಳಿ. ಇನ್ನಷ್ಟು ಮದ್ದು ಕೊಡುವ ದಾರಿಗಳಿವೆ. ಚಿಕಿತ್ಸೆಯ ನಂತರ ಎರಡು ಮೂರು ದಿನ ಅಗಿಯುವಾಗ ನೋವು ಇರುವುದು ಸಹಜ.

ಮಾತ್ರೆಗಳ ವಿಷಯ

ನಾನು ಹೆಚ್ಚು ಹೇಳಬೇಕಾದದ್ದು ಇಲ್ಲೇ. ಆ್ಯಂಟಿಬಯಾಟಿಕ್ ಹಲ್ಲುನೋವಿನ ಔಷಧವಲ್ಲ. ಸತ್ತ ತಿರುಳಿಗೆ ರಕ್ತಸಂಚಾರವಿಲ್ಲ, ಹಾಗಾಗಿ ನುಂಗಿದ ಮಾತ್ರೆ ಸೋಂಕಿನ ಮೂಲ ಇರುವ ಜಾಗಕ್ಕೆ ತಲುಪುವುದೇ ಇಲ್ಲ. ಜ್ವರ, ಮೈ ಸುಸ್ತು ಅಥವಾ ಹರಡುವ ಊತ ಇಲ್ಲದಿದ್ದರೆ, ಹಲ್ಲಿಗೇ ನೇರ ಚಿಕಿತ್ಸೆ ಸಿಗುವಾಗ ಹೆಚ್ಚಿನ ವಯಸ್ಕರಿಗೆ ಆ್ಯಂಟಿಬಯಾಟಿಕ್ ಬೇಡವೆಂದು ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರ ಮಾರ್ಗಸೂಚಿಯಲ್ಲಿ ಹೇಳಿದೆ. ಕೆಂಪು ಗೆರೆ ಇರುವ ಪಟ್ಟಿಯ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆ ಕೇಳಬೇಡಿ. ಬರೆದುಕೊಟ್ಟರೆ ಪೂರ್ತಿ ಅವಧಿ ಸೇವಿಸಿ. ಮೆಟ್ರೋನಿಡಜೋಲ್ ಇದ್ದರೆ ಮದ್ಯ ಮುಟ್ಟಬೇಡಿ.

ನೋವಿನ ಮಾತ್ರೆಯಲ್ಲಿ ದೊಡ್ಡ ತಪ್ಪು 'ಡಬಲ್ ಡೋಸ್'. ಅಸಿಕ್ಲೋಫಿನ್ಯಾಕ್ ಅಥವಾ ಐಬುಪ್ರೊಫೇನ್ ಜೊತೆ ಪ್ಯಾರಸಿಟಮಾಲ್ ಬೆರೆತ ಮಾತ್ರೆಗಳು ಬಹಳ ಇವೆ. ಅದರ ಮೇಲೆ ಮನೆಯಲ್ಲಿದ್ದ 650 ಮಿ.ಗ್ರಾಂ. ಪ್ಯಾರಸಿಟಮಾಲ್ ನುಂಗಿದರೆ ಲೆಕ್ಕ ತಪ್ಪುತ್ತದೆ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ ಒಟ್ಟು 4 ಗ್ರಾಂ ಮೀರಬಾರದು. ಲಿವರ್ ತೊಂದರೆಯಿದ್ದವರಿಗೆ, ಮದ್ಯ ಸೇವಿಸುವವರಿಗೆ ಮಿತಿ ಇನ್ನೂ ಕಡಿಮೆ. ಕಿಡ್ನಿ ತೊಂದರೆ, ಹೊಟ್ಟೆಹುಣ್ಣು ಇದ್ದವರು, ಗರ್ಭಿಣಿಯರು ಐಬುಪ್ರೊಫೇನ್ ಗುಂಪಿನ ಮಾತ್ರೆಗಳನ್ನು ಕೇಳದೆ ತೆಗೆದುಕೊಳ್ಳಬಾರದು. ನೋಯುವ ಹಲ್ಲಿನ ಪಕ್ಕ ಆಸ್ಪಿರಿನ್ ಮಾತ್ರೆ ಇಟ್ಟುಕೊಂಡರೆ ವಸಡು ಸುಡುತ್ತದೆ, ನೋವು ಹೋಗುವುದಿಲ್ಲ.

ದಂತವೈದ್ಯರಿಗೆ ಮೊದಲೇ ಹೇಳಬೇಕಾದವು

- ರಕ್ತ ತೆಳುವಾಗಿಸುವ ಮಾತ್ರೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮುಂತಾದವನ್ನು ನೀವಾಗಿಯೇ ನಿಲ್ಲಿಸಬೇಡಿ
- ಕೃತಕ ಹೃದಯ ಕವಾಟ. ಇಂಥವರಿಗೆ ಚಿಕಿತ್ಸೆಗೆ ಮುನ್ನ ಒಂದು ಡೋಸ್ ಆ್ಯಂಟಿಬಯಾಟಿಕ್ ಬೇಕಾಗಬಹುದು
- ಮೂಳೆ ಸವೆತಕ್ಕೆ ಅಲೆಂಡ್ರೋನೇಟ್, ಜೋಲೆಡ್ರೋನಿಕ್ ಆಸಿಡ್ ಪಡೆದಿದ್ದರೆ. ಇವರಲ್ಲಿ ಹಲ್ಲು ಕೀಳುವುದಕ್ಕಿಂತ ರೂಟ್ ಕೆನಾಲ್ ಸಾಮಾನ್ಯವಾಗಿ ಸುರಕ್ಷಿತ
- ಸಕ್ಕರೆ ಕಾಯಿಲೆ, ಗರ್ಭಧಾರಣೆ, ಪೆನಿಸಿಲಿನ್ ಅಲರ್ಜಿ

ಸಕ್ಕರೆ ಕಾಯಿಲೆಯಿದ್ದವರು ಎಂದಿನಂತೆ ತಿಂಡಿ ತಿಂದು, ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡೇ ಹೋಗಿ. ಬಾಯಿ ಮರಗಟ್ಟಿ ಊಟ ತಡವಾಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡು ಬೆಳಗಿನ ಸಮಯ ಕೇಳಿ.

ಮನೆಗೆ ಬಂದ ಮೇಲೆ

ಮರಗಟ್ಟಿರುವುದು ಎರಡರಿಂದ ನಾಲ್ಕು ಗಂಟೆ ಇರಬಹುದು. ಅಲ್ಲಿಯವರೆಗೆ ಬಿಸಿ ಕಾಫಿಯೂ ಬೇಡ, ಅಗಿಯುವುದೂ ಬೇಡ. ಅರಿವಿಲ್ಲದೆ ತುಟಿ ಕಚ್ಚಿಕೊಳ್ಳುತ್ತೇವೆ. ಮಕ್ಕಳಿದ್ದರೆ ಮನೆಯವರು ಕಣ್ಣಿಟ್ಟಿರಬೇಕು. ಇಡ್ಲಿ, ಮೊಸರನ್ನದಂತಹ ಮೆತ್ತನೆ ಆಹಾರವನ್ನು ಇನ್ನೊಂದು ಬದಿಯಲ್ಲಿ ಅಗಿಯಿರಿ. ಬ್ರಷ್ ಮಾಡುವುದನ್ನು ನಿಲ್ಲಿಸಬೇಡಿ. ಬಾಯಿ ಮುಚ್ಚಿದಾಗ ಆ ಹಲ್ಲೇ ಮೊದಲು ತಾಗುತ್ತಿದೆ ಅನ್ನಿಸಿದರೆ ಕರೆ ಮಾಡಿ. ಫಿಲ್ಲಿಂಗ್ ಸ್ವಲ್ಪ ತಗ್ಗಿಸಿದರೆ ಸಾಕಾಗುತ್ತದೆ.

ಮುಖದ ಊತ ಕಣ್ಣಿನ ಕಡೆಗೋ ಕುತ್ತಿಗೆಗೋ ಹರಡಿದರೆ, ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಮಾತ್ರೆ ಹುಡುಕುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ತಮಿಳುನಾಡು, ಕರ್ನಾಟಕ ಎರಡರಲ್ಲೂ ಆ್ಯಂಬುಲೆನ್ಸ್ ಸಂಖ್ಯೆ 108.

ಕ್ಯಾಪ್ ಹಾಕಿಸದಿದ್ದರೆ ಕೆಲಸ ಅರ್ಧ

ನೋವು ಹೋದ ಕೂಡಲೇ ಹಲವರು ಚಿಕಿತ್ಸೆ ಬಿಡುತ್ತಾರೆ. ಕ್ಯಾಪ್‌ಗೆ ಬೇರೆ ಖರ್ಚು ಎಂಬುದೂ ಒಂದು ಕಾರಣ. ಆದರೆ ಒಳಗೆ ಟೊಳ್ಳಾದ ದವಡೆ ಹಲ್ಲು ಚಕ್ಕುಲಿ ಕಡಿದಾಗಲೂ ಸೀಳಬಹುದು. ಬೇರಿನವರೆಗೆ ಸೀಳಿದರೆ ಕೀಳಿಸುವುದೊಂದೇ ದಾರಿ. ಹಾಗಾಗಿ ಮೊದಲ ದಿನವೇ ಕೇಳಿ: ಹೇಳಿದ ಮೊತ್ತದಲ್ಲಿ ಕ್ಯಾಪ್ ಸೇರಿದೆಯೇ? ಎಷ್ಟು ಭೇಟಿ? ಕೀಳಿಸಿದರೆ ಮುಂದೇನು? ನಾಳವೊಂದು ಉಳಿದುಹೋಗಿ ಚಿಕಿತ್ಸೆ ವಿಫಲವಾಗುವುದೂ ಉಂಟು. ಆಗ ಮರುಚಿಕಿತ್ಸೆ ಸಾಧ್ಯ.

ಖರ್ಚಿನ ಚಿಂತೆಯಿದ್ದರೆ ಚೆನ್ನೈನಲ್ಲಿ ಫೋರ್ಟ್ ರೈಲು ನಿಲ್ದಾಣದ ಬಳಿ ತಮಿಳುನಾಡು ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಬೋಧನಾ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳು ಹಿರಿಯರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಮಾಡುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ವೆಚ್ಚ ಬಹಳ ಕಡಿಮೆ. ಊರಿನಿಂದ ಬಂದ ಹಿರಿಯರ ಜೊತೆ ಹೋಗುವವರಿಗೆ ಮೂರು ತಮಿಳು ಪದ ಗೊತ್ತಿದ್ದರೆ ಅನುಕೂಲ: ಹಲ್ಲುನೋವು 'ಪಲ್ ವಲಿ', ಊತ 'ವೀಕ್ಕಂ', ಕೀವು 'ಸೀಳ್'. ಅವರು ಸೇವಿಸುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮಾತ್ರೆಯ ಹೆಸರಿಗೆ ಅನುವಾದ ಬೇಕಿಲ್ಲ.