ಡೈರಿಯಲ್ಲಿ ಮೂರೂವರೆ ಇಂಚು, ಪರದೆಯಲ್ಲಿ ಐನೂರು

ದೋಣಿಗಲ್ಲಿನ ಕಾಫಿ ತೋಟಗಳಲ್ಲಿ ಮಳೆಯ ಲೆಕ್ಕ ಇಂಚು, ಸೆಂಟಿನಲ್ಲೇ. ನೂರು ಸೆಂಟಿಗೆ ಒಂದು ಇಂಚು. ಜುಲೈ ತಿಂಗಳ ಒಂದು ಬೆಳಿಗ್ಗೆ, ತೋಟದ ಲೆಕ್ಕ ಬರೆಯುವ ರೈಟರು ಅಳತೆಗಾಜು ನೋಡಿ ಡೈರಿಯಲ್ಲಿ ‘3 ಇಂಚು 50 ಸೆಂಟು’ ಎಂದು ಬರೆದರು. ಪಕ್ಕದಲ್ಲಿದ್ದ ಎಲೆಕ್ಟ್ರಾನಿಕ್ ಮಳೆಮಾಪಕದ ಪರದೆಯಲ್ಲಿ ಮಾತ್ರ 65,535 ಎಂದಿತ್ತು.

ಆ ಮಾಪಕದೊಳಗೆ ತಕ್ಕಡಿಯಂತೆ ಕೂತ ಎರಡು ಪುಟ್ಟ ಬಟ್ಟಲುಗಳಿವೆ. 0.2 ಮಿ.ಮೀ. ಮಳೆಗೆ ಒಂದು ಬಟ್ಟಲು ತುಂಬಿ ‘ಟಕ್’ ಎಂದು ವಾಲುತ್ತದೆ. ಒಳಗಿನ ಪುಟ್ಟ ಕಂಪ್ಯೂಟರ್ ಚಿಪ್, ಅಂದರೆ ಮೈಕ್ರೊಕಂಟ್ರೋಲರ್, ಅದನ್ನು ಎಣಿಸಿ ತನ್ನ ಫ್ಲ್ಯಾಶ್ ಮೆಮೊರಿಯಲ್ಲಿ ಬರೆದಿಡುತ್ತದೆ. 65,535 ಟಕ್ ಎಂದರೆ ಐನೂರು ಇಂಚಿಗೂ ಮೇಲೆ! ಆದರೆ ಆ ಅಂಕಿ ನೋಡಿದ ಕೂಡಲೇ ನನಗೆ ಕಾರಣ ಹೊಳೆಯಿತು. ಹದಿನಾರು ಬಿಟ್‌ಗಳೂ 1 ಆಗಿದ್ದರೆ ಬರುವ ಸಂಖ್ಯೆ ಅದು. ಅಳಿಸಿದ ಫ್ಲ್ಯಾಶ್ ಮೆಮೊರಿಯ ಗುರುತೇ ಅದು.

ಫ್ಲ್ಯಾಶ್‌ನಲ್ಲಿ ಖಾಲಿ ಎಂದರೆ ಸೊನ್ನೆಯಲ್ಲ, ಒಂದು. ಪ್ರತಿ ಬಿಟ್‌ಗೂ ಸುತ್ತ ಗಾಜಿನಂಥ ಆಕ್ಸೈಡ್ ಗೋಡೆಯಿರುವ ಒಂದು ಕೋಣೆಯಿದೆ. ಹೆಚ್ಚು ವೋಲ್ಟೇಜಿನಿಂದ ಎಲೆಕ್ಟ್ರಾನುಗಳನ್ನು ಒಳಗೆ ನುಗ್ಗಿಸಿದರೆ ಬಿಟ್ 0 ಆಗುತ್ತದೆ. ಕರೆಂಟು ಹೋದರೂ ಅವು ವರ್ಷಗಟ್ಟಲೆ ಅಲ್ಲೇ ಇರುತ್ತವೆ. ಹೊರಗೆಳೆದರೆ ಮತ್ತೆ 1. ಆದರೆ ಬಿಡಿ ಬಿಟ್ಟನ್ನು ಅಳಿಸಲಾಗದು. ಸ್ಲೇಟಿನ ಒಂದಕ್ಷರವನ್ನು ಬೆರಳಲ್ಲಿ ಉಜ್ಜಬಹುದು. ಇಲ್ಲಿ ಇಡೀ ಸ್ಲೇಟನ್ನೇ ತೊಳೆಯಬೇಕು. ತೋಷಿಬಾದ ಫುಜಿಯೊ ಮಸುವೊಕಾ 1984ರಲ್ಲಿ ಈ ಮೆಮೊರಿಯನ್ನು ಲೋಕಕ್ಕೆ ತೋರಿಸಿದರು. ಒಮ್ಮೆಲೇ ಅಳಿಸುವುದು ಕ್ಯಾಮೆರಾದ ಫ್ಲ್ಯಾಶ್‌ನಂತೆ ಕಂಡು, ಸಹೋದ್ಯೋಗಿಯೊಬ್ಬರು ಆ ಹೆಸರು ಸೂಚಿಸಿದರು.

ನಮ್ಮ ಮಾಪಕದಲ್ಲಿದ್ದದ್ದು ಎಸ್‌ಟಿಎಂ32ಎಫ್103 ಚಿಪ್. ಅದರ ಒಂದು ಪುಟ, ಅಂದರೆ ಒಮ್ಮೆಲೇ ಅಳಿಸಬೇಕಾದ ಭಾಗ, 1,024 ಬೈಟ್. ಅಳಿಸಲು 20ರಿಂದ 40 ಮಿಲಿಸೆಕೆಂಡ್. ಪ್ರತಿ ಟಕ್ಕಿಗೂ ಪುಟ ಅಳಿಸಿ ಹೊಸ ಮೊತ್ತ ಬರೆಯುವಂತೆ ಅದರ ಪ್ರೋಗ್ರಾಂ ಇತ್ತು. ರಾತ್ರಿ ಅಳಿಸಿದ್ದಾಯಿತು, ಬರೆಯುವಷ್ಟರಲ್ಲಿ ಕರೆಂಟು ಹೋಯಿತು. ಉಳಿದದ್ದು ಖಾಲಿ ಪುಟ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಎಲೆಕ್ಟ್ರಾನುಗಳು ನುಗ್ಗಿ ಬಂದಂತೆಲ್ಲ ಆಕ್ಸೈಡ್ ಗೋಡೆ ಸವೆಯುತ್ತದೆ. ಈ ಚಿಪ್ಪಿನಲ್ಲಿ ಒಂದು ಪುಟವನ್ನು 10,000 ಸಲ ಅಳಿಸಿ ಬರೆಯುವವರೆಗೆ ಖಾತರಿ. 80 ಇಂಚು ಮಳೆ ಈ ಸೀಮೆಗೆ ಹೊಸದಲ್ಲ. ಅಷ್ಟಕ್ಕೆ ಬಟ್ಟಲು 10,160 ಸಲ ವಾಲುತ್ತದೆ. ಒಂದೇ ಮಳೆಗಾಲಕ್ಕೆ ಖಾತರಿ ತೀರಿತು. ಬಯಲುಸೀಮೆಯಲ್ಲಿ ಇದೇ ಮಾಪಕ ಮೂರ್ನಾಲ್ಕು ವರ್ಷ ನಡೆದೀತು, ದೋಷ ಗೊತ್ತೂ ಆಗದೆ.

ದಾರಿ ರೈಟರ ಹಾಜರಿ ಪುಸ್ತಕದಲ್ಲೇ ಇತ್ತು. ಆಳಿಗೆ ದಿನಕ್ಕೊಂದು ಗೀಟು ಹಾಕುತ್ತಾರೆ. ಒಟ್ಟು ಮೊತ್ತವನ್ನು ದಿನಾ ರಬ್ಬರಿನಲ್ಲಿ ಅಳಿಸಿ ತಿದ್ದುವುದಿಲ್ಲ. 1ನ್ನು 0 ಮಾಡಲು ಅಳಿಸಬೇಕಿಲ್ಲವಲ್ಲ! ಪುಟದಲ್ಲಿ 16 ಬಿಟ್‌ನ 512 ಮನೆಗಳಿವೆ. ಒಂದು ಟಕ್ಕಿಗೆ ಒಂದು ಮನೆಯನ್ನು ಸೊನ್ನೆ ಮಾಡುತ್ತ ಹೋದರೆ, ಎಷ್ಟು ಮನೆ ಸೊನ್ನೆಯಾಗಿವೆಯೋ ಅಷ್ಟು ಟಕ್. ಪುಟ ತುಂಬಿದಾಗ ಮೊತ್ತವನ್ನು ಮೊದಲು ಇನ್ನೊಂದು ಪುಟದ ತಲೆಗೆ ಬರೆದು, ಸರಿಯಾಗಿ ಬಂತೇ ಎಂದು ಓದಿ ನೋಡಿ, ಆಮೇಲೆ ಹಳೆಯದನ್ನು ಅಳಿಸಬೇಕು. ಕರೆಂಟು ನಡುವೆ ಯಾವಾಗ ಹೋದರೂ ಒಂದು ಪುಟದಲ್ಲಿ ಲೆಕ್ಕ ಇದ್ದೇ ಇರುತ್ತದೆ. ಹೀಗೆ ಬರೆದ ಪ್ರೋಗ್ರಾಂ ಹಾಕಿ, ಹೊಸ ಚಿಪ್ ಕೂರಿಸಿದೆವು. 80 ಇಂಚಿನ ಮಳೆಗೆ ಅದು ಅಳಿಸುವುದು ಸುಮಾರು 20 ಸಲ.